ಬೋರ್ಡಿನ ಕಡೆ ನೋಡ್ರಿ

ಮೊನ್ನೆ ಪತ್ರಿಕೆಯ ಒಳಪುಟದಲ್ಲಿ ಆ ಸುದ್ದಿ ಬಂದಿತ್ತು. ಕಳೆದ ತಿಂಗಳು ರಾಜಧಾನಿಯ ವಿಮಾನ ನಿಲ್ದಾಣದಿಂದ ಎಷ್ಟು ಮಂದಿ ಹೋದರು, ಎಷ್ಟು ಮಂದಿ ಬಂದಿಳಿದರು ಎಂಬ ಲೆಕ್ಕ. ಹೋದ ವರ್ಷದ ಇದೇ ತಿಂಗಳಿಗಿಂತ ಈ ಸಲ ಹೆಚ್ಚು. ಹೊರದೇಶಕ್ಕೆ ಹೋಗುವವರು ಇನ್ನೂ ಹೆಚ್ಚು. ಕತ್ತರಿ ತೆಗೆದುಕೊಂಡು ಸುದ್ದಿಯನ್ನು ಕತ್ತರಿಸಿದೆ, ಮೂಲೆಯಲ್ಲಿ ತಾರೀಖು ಹಾಕಿದೆ. ಆಮೇಲೆ ಅದನ್ನು ಯಾರ ಮುಂದೆ ಓದಬೇಕೆಂದು ತಿಳಿಯದೆ ಸುಮ್ಮನೆ ಕುಳಿತೆ. ಪ್ರತಿ ತಿಂಗಳೂ ಇದನ್ನು ಓದಿಸಿ ಕೇಳುತ್ತಿದ್ದವರನ್ನು ಸವಣೂರಿನ ಖಬರಸ್ತಾನದಲ್ಲಿ ಮಣ್ಣು ಮಾಡಿ ಆಗ ಮೂರು ವಾರವಾಗಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದು ಅವರೇ ಹೇಳಿದ್ದರು. ಸವಣೂರು, ಶಿಗ್ಗಾಂವಿ, ಹಾನಗಲ್, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳಲ್ಲಿ ‘ಕಂಡಕ್ಟರ್’ ಎಂದರೆ ಸಾಕಿತ್ತು. ಬೇರೆ ಕಂಡಕ್ಟರುಗಳೂ ಇದ್ದರು, ಆದರೆ ಅವರಿಗೆಲ್ಲ ಹೆಸರಿತ್ತು. ನಾನು ಚಾಚಾ ಎನ್ನುತ್ತಿದ್ದೆ.

ಸರ್ಕಾರಿ ಬಸ್ಸಿನಿಂದ ನಿವೃತ್ತರಾದ ಮೇಲೆ ಚಾಚಾ ಸವಣೂರು ಬಸ್‌ಸ್ಟ್ಯಾಂಡಿನ ಎದುರು ಒಂದು ಅಂಗಡಿ ತೆರೆದಿದ್ದರು. ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೋಗುವವರ ತಂಡ ಕಟ್ಟುವುದು, ಪಾಸ್‌ಪೋರ್ಟು ಮಾಡಿಸುವುದು, ಟಿಕೆಟು ತೆಗೆಸುವುದು, ಏರ್‌ಪೋರ್ಟಿನ ಬಾಗಿಲತನಕ ಬಸ್ಸಿನಲ್ಲಿ ಮುಟ್ಟಿಸುವುದು. ಅಲ್ಲಿಂದ ಮುಂದೆ ಬೇರೆಯವರು ಕರೆದುಕೊಂಡು ಹೋಗುತ್ತಿದ್ದರು. ಬರಬರುತ್ತ ನೇಪಾಳದ ಮುಕ್ತಿನಾಥಕ್ಕೆ ಹೋಗುವ ನಮ್ಮ ವೈಷ್ಣವ ಮನೆಗಳವರೂ ಇದೇ ಅಂಗಡಿಗೆ ಬರತೊಡಗಿದರು. ನಾನು ಹಾನಗಲ್ಲಿನವನು. ಸಂಖ್ಯಾಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಸವಣೂರಿನ ಸೋದರಮಾವನ ಮನೆಯಲ್ಲಿದ್ದೆ. ಕಂಪ್ಯೂಟರಿನಲ್ಲಿ ಅರ್ಜಿ ತುಂಬಲು ಒಂದು ತಿಂಗಳ ಮಟ್ಟಿಗೆ ಅಂತ ಹೋದವನು ಅಲ್ಲೇ ಉಳಿದೆ.

ಹತ್ತನೆಯ ಇಯತ್ತೆಯಿಂದಲೂ ನನಗೆ ದಿನಚರಿ ಬರೆಯುವ ಚಟ. ಯಾವ ಬಸ್ಸು ಎಷ್ಟು ತಡವಾಗಿ ಬಂತು, ಅದರಲ್ಲಿ ಎಷ್ಟು ಮಂದಿ ನಿಂತಿದ್ದರು, ಸಂತೆಯಲ್ಲಿ ಎಷ್ಟು ಅಂಗಡಿ ಕೂತಿದ್ದವು, ಎಲ್ಲವನ್ನೂ ನಾಲ್ಕು ನಿಲುಗೆರೆ, ಮೇಲೊಂದು ಅಡ್ಡಗೆರೆ ಹಾಕಿ ಎಣಿಸಿಡುತ್ತೇನೆ. ಮೊದಲ ದಿನವೇ ಚಾಚಾ ಅದನ್ನು ನೋಡಿದರು.

“ಏನ್ ಬರಿಯಾಕತ್ತೀ ತಮ್ಮಾ?”

“ಲೆಕ್ಕಾ ಚಾಚಾ.”

“ಯಾರದು?”

“ಎಲ್ಲಾರದೂ.”

“ಪೊಲೀಸ್ರು ಕಳ್ಳರ ಲೆಕ್ಕಾ ಬರೀತಾರ, ಸಾವಕಾರ ಸಾಲದ್ದ ಬರೀತಾನ. ಲಾಭ ಇಲ್ಲದ ಲೆಕ್ಕಾ ಬರಿಯವ್ರು ಕಂಡಕ್ಟರ್ ಒಬ್ಬರ. ಕುಂಡ್ರು, ನೀ ನಮ್ಮ ಪೈಕಿ.”

ಆದರೆ ನನ್ನ ಎಣಿಕೆಯ ರೀತಿ ಅವರಿಗೆ ಹಿಡಿಸಲಿಲ್ಲ. ನಾನು ಪೆನ್ಸಿಲ್ ತುದಿಯನ್ನು ಒಬ್ಬೊಬ್ಬರ ಕಡೆಗೂ ತೋರಿಸಿ ಎಣಿಸುತ್ತಿದ್ದೆ. ಅವರು ಬಸ್ಸಿನ ಹಿಂದಿನಿಂದ ಮುಂದಕ್ಕೆ ಬರುತ್ತ ಸೀಟುಗಳ ಬೆನ್ನಿಗೆ ಅಂಗೈ ತಾಗಿಸುತ್ತಿದ್ದರು, ಅಷ್ಟೇ. ಕುಳಿತವರಿಗೆ ತಮ್ಮನ್ನು ಎಣಿಸಿದ್ದೇ ಗೊತ್ತಾಗುತ್ತಿರಲಿಲ್ಲ. “ಮಂದಿಗೆ ಬಟ್ಟ ಮಾಡಿ ಎಣಸಬಾರದಪಾ. ಕುರಿ ಅಲ್ಲ ಅವರು,” ಎಂದರು. ನಾನು ಪೆನ್ಸಿಲ್ ಇಳಿಸಿದೆ. ಎಣಿಸುವುದು ಬಿಡಲಿಲ್ಲ.

ಅವರು ಅಂಗಡಿಯಲ್ಲಿ ನಿಂತರೂ ನೆಲ ಅಲುಗಾಡೀತು ಎಂಬಂತೆ ಕಾಲು ಅಗಲಿಸಿ ನಿಲ್ಲುತ್ತಿದ್ದರು. ಬಾಗಿಲು ದೊಡ್ಡದಿದ್ದರೂ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದರು. ಯಾರನ್ನಾದರೂ ಬೈಯಬೇಕಾದಾಗ ಅವರ ಮುಖ ಬಿಟ್ಟು ರಸ್ತೆಯ ಕಡೆಗೆ ನೋಡುತ್ತ ಬೈಯುತ್ತಿದ್ದರು. ಬೈಸಿಕೊಂಡವನಿಗೆ ತನ್ನ ಮುಖ ಸರಿಮಾಡಿಕೊಳ್ಳಲು ಸ್ವಲ್ಪ ಹೊತ್ತು ಸಿಗುತ್ತಿತ್ತು.

ಈ ಕಸುಬಿಗೆ ಅವರು ಬಂದದ್ದು ಅಕ್ಕನ ದೆಸೆಯಿಂದ. ಅವರಿಗಿಂತ ಹತ್ತು ವರ್ಷ ದೊಡ್ಡವಳು, ಆಪಾ ಎನ್ನುತ್ತಿದ್ದರು. ಅವಳು ಹಿಂದೆ ಬೇರೆ ಯಾರದೋ ತಂಡದಲ್ಲಿ ಉಮ್ರಾಕ್ಕೆ ಹೊರಟಾಗ ಚಾಚಾ ಕಳಿಸಲು ಹೋಗಿ ಗಾಜಿನ ಗೋಡೆಯ ಹೊರಗೆ ನಿಂತಿದ್ದರು. ಒಳಗೆ ತಾನೇ ಮೇಲಕ್ಕೆ ಹರಿಯುವ ಮೆಟ್ಟಿಲು. ಆಪಾ ಕಾಲು ಮುಂದಿಟ್ಟಳು, ಹಿಂದೆ ತೆಗೆದಳು. ಮತ್ತೆ ಮುಂದಿಟ್ಟಳು, ಹಿಂದೆ ತೆಗೆದಳು. ಹಿಂದೆ ಸಾಲು ಬೆಳೆಯಿತು. ಕಡೆಗೆ ಅವಳು ಬಸ್ಸಿಗೆ ಕಾಯುವವರ ಹಾಗೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಸುತ್ತಲಿದ್ದವರು ನಕ್ಕರು. ಒಬ್ಬ ಫೋನು ಎತ್ತಿ ಹಿಡಿದ. ಗಾಜಿನ ಹೊರಗಿದ್ದ ತಮ್ಮನಿಗೆ ನಗು ಕೇಳಿಸಲಿಲ್ಲ, ಹಲ್ಲು ಮಾತ್ರ ಕಂಡವು.

ಆಪಾ ಯಾತ್ರೆ ಮುಗಿಸಿ ಬಂದಳು. ಓಣಿಯವರು ಜಮ್‌ಜಮ್ ನೀರಿಗೆ, ಖರ್ಜೂರಕ್ಕೆ ಬಂದು ಅಲ್ಲಿ ಹೇಗಿತ್ತು ಎಂದು ಕೇಳಿದರೆ ಕಾಬಾದ ಬಗ್ಗೆ ಎರಡು ಮಾತು ಹೇಳಿ ಮೆಟ್ಟಿಲಿಗೆ ಬಂದುಬಿಡುತ್ತಿದ್ದಳು. ಸಾಯುವತನಕ ಅದೇ.

“ಮಕ್ಕಾ ನೋಡಿ ಬಂದಾಕಿ ಮೆಟ್ಟಲದ ಮಾತ ಆಡತಿದ್ಲು ತಮ್ಮಾ,” ಎಂದಿದ್ದರು ಚಾಚಾ. “ದೇವರ ಮನಿ ಕಂಡಾಕಿನ್ನ ಒಂದ ಮೆಟ್ಟಲ ಕೆಳಗ ಕುಂಡ್ರಿಸಿಬಿಡ್ತು ನಾಚಿಕಿ.”

ಆದ್ದರಿಂದ ತಾಲೀಮು. ಹೊರಡುವ ಮುಂಚೆ ಪ್ರತಿ ತಂಡಕ್ಕೂ ಅವರು ಏರ್‌ಪೋರ್ಟಿನ ತಾಲೀಮು ಮಾಡಿಸುತ್ತಿದ್ದರು. ಸವಣೂರಿನಲ್ಲಾದರೆ ಮದುವೆ ಇಲ್ಲದ ದಿನ ಶಾದಿ ಮಹಲಿನಲ್ಲಿ. ಹಿರೇಕೆರೂರಿನಲ್ಲಿ ಗೋವಿನಜೋಳದ ಕಣದಲ್ಲಿ. ಹಾನಗಲ್ಲಿನಲ್ಲಿ ಭತ್ತದ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ, ಯಾಕೆಂದರೆ ಅಲ್ಲಿ ಚೀಲ ತೂಗುವ ದೊಡ್ಡ ತಕ್ಕಡಿ ಇತ್ತು. ಎರಡು ಬಿದಿರು ನೆಟ್ಟು ಮೇಲೊಂದು ಕಟ್ಟಿದರೆ ತಪಾಸಣೆಯ ಬಾಗಿಲು. ಅದರ ಪಕ್ಕ ಚಾಚಾ ಸೈಕಲ್ ಗಂಟೆ ಹಿಡಿದು ನಿಲ್ಲುತ್ತಿದ್ದರು. ಯಾರ ಮೈಮೇಲಾದರೂ ಕಬ್ಬಿಣ, ತಾಮ್ರ ಕಂಡರೆ ಗಂಟೆ ಹೊಡೆಯುತ್ತಿದ್ದರು.

ಹಾನಗಲ್ಲಿನ ಮುದುಕಿಯೊಬ್ಬಳ ಚಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಜೊತೆ ಅಡಕೊತ್ತು ಸಿಕ್ಕಿತು. ಚಾಚಾ ಗಂಟೆ ಹೊಡೆದರು.

“ಕಂಡಕ್ಟರ್ ಸಾಹೇಬ್ರ, ಅಡಕೊತ್ತ ಬಿಟ್ಟ ಅಡಿಕಿ ಹೆಂಗ ತಿನ್ನೂದ್ರೀ?”

“ತಿನ್ನೂದಿರಲಿ ಯವ್ವಾ, ಉಗಳೂದೆಲ್ಲಿ? ವಿಮಾನದ ಖಿಡಕಿ ತಗ್ಯಾಕ ಬರೂದಿಲ್ಲ.”

ಹರಿಯುವ ಮೆಟ್ಟಿಲಿಗೆ ಅವರು ಕಂಡುಕೊಂಡ ಉಪಾಯ ಒಂದು ಉದ್ದನೆಯ ಜಮಖಾನೆ. ಯಾತ್ರೆಗೆ ಹೊರಟವರ ಅಳಿಯಂದಿರು ನಾಲ್ವರು ಒಂದು ತುದಿ ಹಿಡಿದು ನಿಧಾನ ಎಳೆಯಬೇಕು. ಅತ್ತೆಯಂದಿರು ಹರಿಯುವ ಜಮಖಾನೆಯ ಮೇಲೆ ಒಬ್ಬೊಬ್ಬರಾಗಿ ಕಾಲಿಡಬೇಕು. ಕಣ್ಣು ಮುಂದೆ, ಬಲಗಾಲು ಮೊದಲು, ಎಡಗಾಲು ಕೂಡಲೇ. ಒಬ್ಬ ಅಳಿಯ ಜೋರಾಗಿ ಎಳೆದಾಗ ಚಾಚಾ ರಸ್ತೆಯ ಕಡೆ ನೋಡುತ್ತ ಕೂಗಿದರು, “ಅಳಿಯಾ, ಸಾವಕಾಶ! ಅತ್ತಿ ಬಿದ್ರ ಹೊಲಾ ನಿನ್ನ ಹೆಸರಿಗಿ ಬರತೈತಿ ಅಂತ ಯಾರ ಹೇಳ್ಯಾರ?” ಆ ಅತ್ತೆ ನಗುತ್ತ ನಗುತ್ತ ಜಮಖಾನೆಯ ಮೇಲೆ ಕಾಲಿಟ್ಟಿದ್ದು ಅವಳಿಗೇ ತಿಳಿಯಲಿಲ್ಲ.

ಅವರು ಮೂರು ನಿಯಮ ಹೇಳಿಕೊಡುತ್ತಿದ್ದರು. ಒಂದು, ಏನೇ ಆದರೂ ಪಾಳಿ, ಅಂದರೆ ನಿಂತ ಸಾಲು, ಬಿಡಬಾರದು. ಒಬ್ಬರು ಬಿಟ್ಟರೆ ತಂಡ ಒಡೆಯುತ್ತದೆ. ಎರಡು, ಕೇಳಿದ ಕಾಗದ ಕೇಳಿದಾಗ ಕೈಯಲ್ಲಿರಬೇಕು. ಮೂರನೆಯದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು.

“ಪಾಳ್ಯಾಗ ಯಾರರ ಸಿಕ್ಕೊಂಡ್ರ, ಚೀಲಾ ಬಿಚ್ಚಿಸಿದ್ರ, ಮೈ ತಡವಿದ್ರ, ಮೆಟ್ಟಲದ ಮುಂದ ನಿಂತಬಿಟ್ರ, ಅವರ ಮಾರಿ ನೋಡಬ್ಯಾಡ್ರಿ. ಬೇಕಾದ್ರ ಕೈ ಹಚ್ಚರಿ, ಕಣ್ಣ ಹಚ್ಚಬ್ಯಾಡ್ರಿ. ಅಲ್ಲೆ ಮ್ಯಾಲ ವಿಮಾನದ ಹೊತ್ತ ಬರದ ದೊಡ್ಡ ಬೋರ್ಡ್ ಇರತೈತಿ. ಬೋರ್ಡಿನ ಕಡೆ ನೋಡ್ರಿ.”

“ನಮಗ ಓದಾಕ ಬರೂದಿಲ್ಲಲ್ರಿ ಭಾಯಿ?”

“ಓದ್ರಿ ಅಂದಿಲ್ಲ. ನೋಡ್ರಿ.”

ತಾಲೀಮಿಗಾಗಿ ನಾನೊಂದು ರಟ್ಟಿಗೆ ಕಪ್ಪು ಬಣ್ಣ ಬಳಿದು ಸೀಮೆಸುಣ್ಣದಿಂದ ಜೆಡ್ಡಾ, ದೋಹಾ, ಕಠ್ಮಂಡು ಎಂದು ಬರೆದು ಗೋಡೆಗೆ ತೂಗುಹಾಕುತ್ತಿದ್ದೆ. ಯಾರ ಕೈಯಿಂದಲಾದರೂ ಚೀಲ ಬಿದ್ದು ಅಕ್ಕಿ ಚೆಲ್ಲಿದರೆ ಎಲ್ಲರೂ ಒಟ್ಟಿಗೆ ಆ ರಟ್ಟಿನ ಕಡೆ ಮುಖ ತಿರುಗಿಸಬೇಕು. ಮೊದಮೊದಲು ಅದೊಂದು ತಮಾಷೆಯಾಗಿತ್ತು.

ನನ್ನ ಅಜ್ಜಿ ಮುಕ್ತಿನಾಥಕ್ಕೆ ಹೊರಟದ್ದು ಇದೇ ಅಂಗಡಿಯಿಂದ. ಮಡಿ ಹೆಂಗಸು. ತಪಾಸಣೆಯ ತಾಲೀಮಿನಲ್ಲಿ ಸವಣೂರಿನ ಬಳೆ ಮಾರುವ ಖಾಲಾ ಒಬ್ಬಳು ಅಜ್ಜಿಯ ಮೈ ತಡವಬೇಕಾಗಿ ಬಂತು. ಅಜ್ಜಿ ಕಲ್ಲಾಗಿ ನಿಂತಳು. ಖಾಲಾನ ಕೈಯೂ ಗಾಳಿಯಲ್ಲೇ ನಿಂತಿತು. ನಾನು ನಾಚಿಕೆಯಿಂದ ಎತ್ತ ನೋಡಬೇಕೆಂದು ತಿಳಿಯದೆ ಇಬ್ಬರನ್ನೂ ನೋಡುತ್ತಿದ್ದೆ. ಚಾಚಾ ಬಾಗಿಲಿನ ಕಡೆ ಮುಖ ಮಾಡಿ ಹೇಳಿದರು, “ಅಲ್ಲೆ ಮುಟ್ಟಾಕಿ ಯಾರಂತ ನನಗೂ ಗೊತ್ತಿಲ್ರಿ ಅಜ್ಜಿಯವರ. ಇಲ್ಲೆ ಮುಟ್ಟಾಕಿ ನಮ್ಮೂರಾಕಿ, ಅಷ್ಟ ಫರಕ.” ಅಜ್ಜಿ ಎರಡೂ ಕೈ ಎತ್ತಿದಳು. ಆ ದಿನ ಮನೆಗೆ ಹೋಗಿ ಸ್ನಾನ ಮಾಡಿದಳು, ಅದನ್ನು ಮುಚ್ಚಿಡುವುದಿಲ್ಲ. ಮರುದಿನದ ತಾಲೀಮಿಗೆ ಎಲ್ಲರಿಗಿಂತ ಮೊದಲು ಬಂದು ಖಾಲಾನ ಪಾಳಿಯಲ್ಲೇ ನಿಂತಳು, ಅದನ್ನೂ ಬರೆಯಬೇಕು.

ಅಂಗಡಿಯ ಗೋಡೆಗೆ ನಾನು ಒಂದು ನಕ್ಷೆ ಅಂಟಿಸಿದ್ದೆ. ಪತ್ರಿಕೆಯಲ್ಲಿ ಬರುತ್ತಿದ್ದ ತಿಂಗಳ ಲೆಕ್ಕವನ್ನು ಚುಕ್ಕೆ ಇಟ್ಟು ಗೆರೆ ಎಳೆದದ್ದು. ಸೋಂಕಿನ ವರ್ಷ ಗೆರೆ ಬತ್ತಿದ ಕೆರೆಯಂತೆ ತಳಕ್ಕಿಳಿದಿತ್ತು. ಆಮೇಲೆ ಏರತೊಡಗಿ ಹಳೆಯ ಎತ್ತರ ದಾಟಿ ಕಾಗದದ ಅಂಚಿಗೆ ಬಂದಿತ್ತು. ಮೇಲೊಂದು ಕಾಗದ ಅಂಟಿಸಿದೆ. ಚಾಚಾ ಚಹಾ ಕುಡಿಯುತ್ತ ಆ ತಗ್ಗನ್ನು ತೋರಿಸಿ, “ಆ ವರ್ಷ ಏರ್‌ಪೋರ್ಟಿನ್ಯಾಗ ಯಾರಿಗೂ ಅಪಮಾನ ಆಗಿಲ್ಲ ನೋಡ,” ಎಂದು ನಗುತ್ತಿದ್ದರು.

ಏರುವ ಗೆರೆಯ ಬಗ್ಗೆ ಅವರದೊಂದು ನಂಬಿಕೆ ಇತ್ತು. “ಮೊದಲ ಅಲ್ಲಿಗೆ ಬರವ್ರೆಲ್ಲಾ ಬೂಟ್ ಹಾಕ್ಕೊಂಡ ಬರತಿದ್ರು. ಈಗ ಹೋಗಿ ನೋಡು, ಚಪ್ಪಲ್ ಎಷ್ಟದಾವು. ಬರೂ ವರ್ಷ ಇನ್ನೂ ಹೆಚ್ಚಾಗತಾವು. ಎಲ್ಲಾರೂ ಹೊಸಬರಾದ್ರ ನಗವ್ರ ಯಾರು? ಈ ಗೆರಿ ಏರಿದಂಗ ನಾಚಿಕಿ ಇಳೀತೈತಿ, ಬರದಿಟ್ಕೋ.” ನಾನು ಬರೆದಿಟ್ಟುಕೊಂಡೆ.

ತಂಡಗಳ ಜೊತೆ ಹೋದಾಗಲೆಲ್ಲ ನಾನು ಏರ್‌ಪೋರ್ಟಿನ ಹೊರಬಾಗಿಲ ಹತ್ತಿರ ನಿಂತು ಪಾಳಿ ಎಣಿಸುತ್ತಿದ್ದೆ. ಬೆಳಗಿನ ಜಾವ ಒಂದು ತೆರೆ, ಸಂಜೆಗೊಂದು ತೆರೆ, ನಡುವೆ ಮಧ್ಯಾಹ್ನ ತೆರಪು. ಶುಕ್ರವಾರ ಸಂಜೆ, ಸೋಮವಾರ ಬೆಳಿಗ್ಗೆ ಬೇಡವೇ ಬೇಡ. ಮಂಗಳವಾರ, ಬುಧವಾರ ಹಗುರ. ಚಾಚಾ ಇದನ್ನು ನೋಡಿಯೇ ನಮ್ಮ ತಂಡಗಳಿಗೆ ದಿನ ಗೊತ್ತುಮಾಡುತ್ತಿದ್ದರು. ಪಾಳಿ ಸಣ್ಣದಿದ್ದರೆ ಹಿಂದಿನವರಿಗೆ ಅವಸರ ಇರುವುದಿಲ್ಲ. ಅವಸರ ಇಲ್ಲದವನು ಮುಂದಿನವರನ್ನು ನೋಡಿ ನಗುವುದಿಲ್ಲ. ಅದು ಅವರ ಲೆಕ್ಕ.

ಇಷ್ಟು ಮಂದಿಯನ್ನು ಕಳಿಸಿದ ಅವರು ತಾವು ಮಾತ್ರ ಒಳಗೆ ಹೋದವರಲ್ಲ. ಕೇಳಿದರೆ “ಕಂಡಕ್ಟರ್ ಕಡೀಗೆ ಹತ್ತಬೇಕು,” ಎನ್ನುತ್ತಿದ್ದರು. ಒಂದು ವರ್ಷ ರಂಜಾನ್ ಮುಗಿದ ಮೇಲೆ ಕಟ್ಟಿದ ತಂಡದಲ್ಲಿ ತಮ್ಮ ಹೆಸರನ್ನೂ ಬರೆಸಿದರು. ನನ್ನನ್ನು ಕರೆದು, “ಪಾಳಿ ಸಣ್ಣದಿರೂ ಹೊತ್ತ ಹುಡುಕು ತಮ್ಮಾ. ಈ ಸಲ ನಾನೂ ಅದರಾಗ ನಿಂದ್ರಾಂವ,” ಎಂದರು.

ಹುಡುಕಿದೆ. ಮಂಗಳವಾರ, ಮಧ್ಯಾಹ್ನದ ವಿಮಾನ. ನನ್ನ ಗೆರೆಗಳೆಲ್ಲ ಅದನ್ನೇ ಹೇಳುತ್ತಿದ್ದವು. ಅವು ಚಳಿಗಾಲದ ಗೆರೆಗಳು ಎಂಬುದು ನನಗೆ ಹೊಳೆಯಲಿಲ್ಲ. ಮಾರ್ಚ್ ಕೊನೆಗೆ ವಿಮಾನಗಳ ವೇಳಾಪಟ್ಟಿ ಬದಲಾಗುತ್ತದೆ. ಆ ವರ್ಷ ಮಧ್ಯಾಹ್ನದ ಆ ತೆರಪಿಗೆ ಹೊಸ ವಿಮಾನಗಳು ಬಂದು ಕೂತಿದ್ದವು. ಶಾಲೆಗಳ ಪರೀಕ್ಷೆ ಮುಗಿದು ಸಂಸಾರ ಸಮೇತ ಹೊರಟವರು ಬೇರೆ. ಎಷ್ಟು ಮಂದಿ ಬರುತ್ತಾರೆಂದು ನಾನು ಬರೆದಿಟ್ಟಿದ್ದೆ, ಯಾಕೆ ಬರುತ್ತಾರೆಂದು ಬರೆದಿರಲಿಲ್ಲ.

ಅದರ ಮೇಲೆ ಕಳಿಸಲು ಬಂದವರು. ಒಬ್ಬರಿಗೆ ಒಬ್ಬರೇ ಎಂದು ಚಾಚಾ ಯಾವಾಗಲೂ ಕಟ್ಟುನಿಟ್ಟು ಮಾಡುತ್ತಿದ್ದರು. ಆ ದಿನ ಅವರ ಮಾತು ಯಾರೂ ಕೇಳಲಿಲ್ಲ. ಹಿಂದಿನ ತಂಡಗಳವರು ತಾವೇ ಒಂದು ಬಸ್ಸು ಮಾಡಿಕೊಂಡು ಬಂದಿದ್ದರು. ಹಾನಗಲ್ಲಿನಿಂದ ನನ್ನ ಅಜ್ಜಿ, ಅಡಕೊತ್ತಿನ ಮುದುಕಿ, ಹಿರೇಕೆರೂರಿನ ಗೌಡರು, ಶಿಗ್ಗಾಂವಿಯ ಟೇಲರ್ ಮತ್ತು ಅವನ ಹೆಂಡತಿ, ಬಳೆಯ ಖಾಲಾ. ಅವಳ ಗಂಡ ತಂಡದಲ್ಲಿ ಹೊರಟಿದ್ದ. ಹಾರ ತಂದಿದ್ದರು, ಸವಣೂರಿನ ಎಲೆ ತಂದಿದ್ದರು. ಚಾಚಾ ರಸ್ತೆಯ ಕಡೆ ನೋಡುತ್ತ ಬೈದರು. ಯಾರೂ ಅದನ್ನು ಬೈಗುಳ ಎಂದುಕೊಳ್ಳಲಿಲ್ಲ.

ತಂಡದ ಗಂಡಸರು ದಾರಿಯ ಒಂದು ಮಸೀದಿಯಲ್ಲಿ ಸ್ನಾನ ಮಾಡಿ ಇಹ್ರಾಮ್ ಉಟ್ಟಿದ್ದರು. ಹೊಲಿಗೆ ಇಲ್ಲದ ಎರಡು ಬಿಳಿ ಬಟ್ಟೆ, ಒಂದು ಸೊಂಟಕ್ಕೆ, ಒಂದು ಹೆಗಲಿಗೆ. ಹೊರಬಾಗಿಲಿನಲ್ಲಿ ಟಿಕೆಟು, ಗುರುತಿನ ಕಾಗದ ನೋಡಿ ಒಳಗೆ ಬಿಡುತ್ತಾರೆ. ಆ ಬಾಗಿಲಿನ ಪಾಳಿ ಅಂದು ಹಗ್ಗಗಳ ನಡುವೆ ಸುತ್ತಿ ಸುತ್ತಿ ರಸ್ತೆಯತನಕ ಬಂದಿತ್ತು. ಚಾಚಾ ತಂಡವನ್ನೆಲ್ಲ ಮುಂದೆ ಬಿಟ್ಟು ಕಡೆಗೆ ನಿಂತರು. ನಾವು ಕಳಿಸಲು ಬಂದವರು ಕಂಬಿಯ ಈಚೆಗೆ, ಅವರಿಂದ ನಾಲ್ಕು ಮಾರು ದೂರ. ನಾನು ಪುಸ್ತಕ ತೆಗೆದು ಎಣಿಸತೊಡಗಿದೆ.

ಪಾಳಿ ಸರಿಯಲಿಲ್ಲ. ಬಿಸಿಲು ಚಪ್ಪರದ ಅಂಚಿನಿಂದ ಒಳಕ್ಕೆ ಬಂತು. ಚಾಚಾಗೆ ಸಕ್ಕರೆ ಕಾಯಿಲೆ ಎಂಬುದು ಗೊತ್ತಿದ್ದವನು ನಾನು. ಬಸ್ಸಿನಲ್ಲಿ ಎಷ್ಟು ಸಲ ನಿಲ್ಲಿಸಬೇಕೆಂದು ಡ್ರೈವರಿಗೆ ಹೇಳುತ್ತಿದ್ದವನೂ ನಾನೇ. ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಟ್ರಾಲಿ ಹಿಡಿದ ಬೆರಳುಗಳು ಬಿಳಚಿದ್ದವು.

“ಚಾಚಾ, ಪಕ್ಕಕ್ಕ ಸಂಡಾಸ ಐತಿ, ಹೋಗಿ ಬರ್ರಿ. ಪಾಳಿ ನೋಡ್ಕೊಳ್ಳಾಕ ಹೇಳ್ತೇನಿ,” ಎಂದು ಕಂಬಿಯ ಮೇಲಿಂದ ಬಾಗಿ ಹೇಳಿದೆ.

“ಪಾಳಿ ಬಿಡಬಾರದಪಾ. ನಾನ ಬಿಟ್ರ ಎಲ್ಲಾರೂ ಬಿಡತಾರ. ಇನ್ನೇನ ಬಂತು.”

ಬರಲಿಲ್ಲ. ಮುಂದೆ ಯಾವುದೋ ಸಂಸಾರದ ಕಾಗದ ತಪ್ಪಾಗಿ ಪಾಳಿ ಅಲ್ಲೇ ನಿಂತಿತು. ಆಮೇಲೆ ಆಗಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಚಾಚಾ ಇದ್ದಕ್ಕಿದ್ದಂತೆ ಅಲುಗಾಡುವುದನ್ನು ನಿಲ್ಲಿಸಿದರು. ಬಿಳಿ ಬಟ್ಟೆಯ ಮೇಲೆ ಒದ್ದೆ ಇಳಿಯಿತು. ಕಲ್ಲಿನ ನೆಲದ ಮೇಲೆ ಹರಿದು ಟ್ರಾಲಿಯ ಗಾಲಿ ಮುಟ್ಟಿತು.

ಮೊದಲು ದನಿ ಬಂದದ್ದು ನನ್ನ ಪಕ್ಕದಿಂದ. “ಅಯ್ಯ, ಆ ಬೋರ್ಡಿನ್ಯಾಗ ಏನ್ ಬರದಾರ ನೋಡ್ರೆ!” ಎಂದಳು ಅಜ್ಜಿ. ಅಷ್ಟು ದೊಡ್ಡ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಾಗಿಲ ಮೇಲಿನ ದೊಡ್ಡ ಬೋರ್ಡಿನ ಕಡೆ ಅವಳು ಕತ್ತೆತ್ತಿದಳು. ಖಾಲಾ ಎತ್ತಿದಳು. ಗೌಡರು, ಅಡಕೊತ್ತಿನ ಮುದುಕಿ, ಮುಂದೆ ನಿಂತಿದ್ದ ಇಡೀ ತಂಡ ಕತ್ತೆತ್ತಿತು. ಟೇಲರ್ ಓದತೊಡಗಿದ, “ದೋಹಾ… ತಡಾ ಐತಂತ. ಸಿಂಗಾಪುರ. ಅದರ ಕೆಳಗ ದುಬೈ.” “ದುಬೈ ಎಷ್ಟಕ್ಕಂತ?” ಎಂದು ಮುದುಕಿ ಕೇಳಿದಳು, ದ್ರಾಕ್ಷಿ ಬೆಲೆ ಕೇಳುವವಳ ಹಾಗೆ. ಖಾಲಾನ ಗಂಡ ಬೋರ್ಡಿನಿಂದ ಕಣ್ಣು ಕೀಳದೆಯೇ ಕೈಚೀಲದಿಂದ ತನ್ನ ಇನ್ನೊಂದು ಜೋಡಿ ಬಿಳಿ ಬಟ್ಟೆ ತೆಗೆದು ಹಿಂದಕ್ಕೆ ಕೈ ಚಾಚಿ ಚಾಚಾರ ಟ್ರಾಲಿಯ ಮೇಲಿಟ್ಟ. ನಾಲ್ಕು ತಾಲೂಕಿನ ಮಂದಿ, ಓದಲು ಬರುವವರೂ ಬಾರದವರೂ, ದೇವರ ಫೋಟೋ ನೋಡುವ ಹಾಗೆ ಆ ಬೋರ್ಡನ್ನು ನೋಡುತ್ತಿದ್ದರು.

ನೋಡದವನು ನಾನೊಬ್ಬ. ನನ್ನ ಪೆನ್ಸಿಲ್ ಚಾಚಾರ ಕಡೆಗೇ ಚಾಚಿತ್ತು. ಚಾಚಾ ತಲೆ ಎತ್ತಿದಾಗ ಅವರ ಕಣ್ಣಿಗೆ ಸಿಕ್ಕ ಮುಖ ನನ್ನದೊಂದೇ.

ಸುತ್ತ ಇದ್ದ ಪರವೂರ ಜನ ನಕ್ಕರೋ ಇಲ್ಲವೋ ನನಗೆ ತಿಳಿಯದು. ಗೆರೆ ಏರಿದಂತೆ ನಗುವವರು ಕಡಿಮೆಯಾಗುತ್ತಾರೆ ಎಂಬ ಚಾಚಾರ ಲೆಕ್ಕವನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಆ ಕಡೆ ನೋಡಲೇ ಇಲ್ಲ. ಚಾಚಾರನ್ನೇ ನೋಡುತ್ತಿದ್ದೆ.

ಅವರು ಬಟ್ಟೆಯ ಗಂಟು ತೆಗೆದುಕೊಂಡು ಪಾಳಿ ಬಿಟ್ಟು ಹೋದರು. ತೊಳೆದುಕೊಂಡು, ಉಟ್ಟು ಬಂದರು. ಅವರ ಜಾಗ ಹಾಗೇ ಇತ್ತು. ತಂಡ ಒಡೆದಿರಲಿಲ್ಲ. ಒಳಗೆ ಹೋಗುವಾಗ ತಿರುಗಿ ಎಲ್ಲರಿಗೂ ಕೈ ಮಾಡಿದರು. ನನ್ನ ಕಡೆ ಮಾಡುವಾಗ ಕಣ್ಣು ಎತ್ತಲಿಲ್ಲ.

ಸವಣೂರಿನಲ್ಲಿ ಯಾರ ಮನೆಯ ಒಲೆ ತಡವಾಗಿ ಹೊತ್ತಿದರೂ ಸಂಜೆಯೊಳಗೆ ಓಣಿಗೆ ಗೊತ್ತಾಗುತ್ತದೆ. ಈ ಮಾತು ಎಲ್ಲಿ ಮೊದಲು ಏಳುತ್ತದೋ ಎಂದು ನಾನು ಕಿವಿ ತೆರೆದುಕೊಂಡೇ ಇದ್ದೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಲ್ಲ. ಶಿಗ್ಗಾಂವಿಯ ಟೇಲರ್ ಅಂಗಡಿಯಲ್ಲಿ ಇಲ್ಲ. ಅಜ್ಜಿಯ ಏಕಾದಶಿ ಭಜನೆಯವರಲ್ಲಿ ಇಲ್ಲ. ಕಡೆಗೆ ನಾನೇ ತಡೆಯದೆ, “ಅಜ್ಜಿ, ಅವತ್ತ ಏರ್‌ಪೋರ್ಟಿನ್ಯಾಗ…” ಎಂದೆ.

“ಅವತ್ತ ದೋಹಾದ ವಿಮಾನ ತಡಾ ಇತ್ತು,” ಎಂದಳು ಅಜ್ಜಿ, ಬತ್ತಿ ಹೊಸೆಯುತ್ತ.

ಚಾಚಾ ಯಾತ್ರೆಯಿಂದ ಬಂದ ಮೇಲೆ ಅಂಗಡಿಗೆ ಬರಲಿಲ್ಲ. ಬಹಳ ದಿನ ನೋಡಿ ಮನೆಗೇ ಹೋದೆ. ಖರ್ಜೂರ ಕೊಟ್ಟರು. ಅಲ್ಲಿ ಹೇಗಿತ್ತು ಎಂದು ಕೇಳಿದೆ. ಕಾಬಾದ ಬಗ್ಗೆ ಎರಡು ಮಾತು ಹೇಳಿ ಸುಮ್ಮನಾದರು. ಆ ಮೌನ ಎಲ್ಲಿಗೆ ಹೋಗುತ್ತಿದೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆಪಾನ ಮೆಟ್ಟಿಲಿಗೆ.

“ಹೊತ್ತ ಹುಡುಕಿದಾಂವ ನಾನು ಚಾಚಾ,” ಎಂದೆ.

“ಹೊತ್ತ ನಿಂದು. ಪಾಳಿ ಬಿಡಬ್ಯಾಡ್ರಿ ಅಂದಾಂವ ಯಾರು?” ಕಿಟಕಿಯ ಕಡೆ ಮುಖ ತಿರುಗಿಸಿದರು. “ನನ್ನ ಲೆಕ್ಕಾ ತಪ್ಪಿತು ತಮ್ಮಾ. ಮಂದಿ ಹೆಚ್ಚಾದ್ರ ನಾಚಿಕಿ ಕಡಿಮಿ ಆಗೂದಿಲ್ಲ. ಪಾಳಿ ಉದ್ದ ಆಗತೈತಿ, ಅಷ್ಟ. ಅವತ್ತಿಂದೂ ಬರದೀಯೇನು?”

“ಹೌದ್ರಿ.”

“ಹರೀಬ್ಯಾಡ. ಯಾರಿಗರ ಉಪಯೋಗ ಆದ್ರ ಆಗಲಿ. ನನ್ನ ಹೆಸರ ಮಾತ್ರ ಬ್ಯಾಡ. ಆಪಾಂದೂ ಬ್ಯಾಡ.”

ನಾನು ನೋಡಿದ್ದರ ಬಗ್ಗೆ ಅವರು ಏನೂ ಅನ್ನಲಿಲ್ಲ.

ಮಳೆಗಾಲ ಕಳೆದ ಮೇಲೆ ಹೊಸ ತಂಡಕ್ಕೆ ಹಾನಗಲ್ಲಿನ ಗೋದಾಮಿನಲ್ಲಿ ತಾಲೀಮು ಇಟ್ಟುಕೊಂಡೆವು. ಚಾಚಾ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ತಲೆ ಬಗ್ಗಿಸಿ ಒಳಗೆ ಬಂದರು. ಬಿದಿರು ನೆಟ್ಟಿತ್ತು, ಜಮಖಾನೆ ಹಾಸಿತ್ತು, ರಟ್ಟಿನ ಬೋರ್ಡು ಗೋಡೆಯ ಮೇಲಿತ್ತು. ಸಹಾಯಕ್ಕೆ ಹಳೆಯವರು ಬಂದಿದ್ದರು. ಅಜ್ಜಿ, ಖಾಲಾ, ಗೌಡರು.

“ಮೊದಲನೇ ನಿಯಮದಾಗ ಒಂದ ತಪ್ಪೈತಿ,” ಎಂದು ಶುರುಮಾಡಿದರು ಚಾಚಾ. “ಪಾಳಿ ಬಿಡಬಾರದು ಅಂತ ಹೇಳತಿದ್ನಿ. ಬಿಡಬಹುದು. ಹೋಗೂದು ಬಂದ್ರ ಹೋಗಬೇಕು. ಅಲ್ಲೆ ಮಂದಿ ದಿನಾ ಹೆಚ್ಚಾಗಾಕತ್ತಾರ, ಎಷ್ಟೊತ್ತ ನಿಂದ್ರಿಸ್ತಾರೋ ದೇವರಿಗೇ ಗೊತ್ತು. ಕೈ ಎತ್ತಬೇಕು, ಹಿಂದಿನವ್ರಿಗೆ ಹೇಳಬೇಕು, ಹೋಗಬೇಕು, ಬರಬೇಕು. ಯಾರ ಮೊದಲ ಮಾಡಿ ತೋರಸ್ತೀರಿ?”

ಯಾರೂ ಮುಂದೆ ಬರಲಿಲ್ಲ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗಂಡಸರು ನೆಲ ನೋಡಿದರು.

“ಸರಿ, ನಾನ ಮಾಡ್ತೇನಿ,” ಎಂದು ಚಾಚಾ ಪಾಳಿಯ ನಡುವೆ ಹೋಗಿ ನಿಂತರು.

ಅವರ ಕೈ ಮೇಲೇಳುವುದಷ್ಟೇ ತಡ, ಅಜ್ಜಿ ರಟ್ಟಿನ ಬೋರ್ಡಿನ ಕಡೆ ತಿರುಗಿದಳು. ಖಾಲಾ ತಿರುಗಿದಳು, ಗೌಡರು ತಿರುಗಿದರು. ಅವರನ್ನು ನೋಡಿ ಹೊಸಬರೂ ತಿರುಗಿದರು. ಈ ಸಲ ನಾನೂ ತಿರುಗಿದೆ. ನಾನೇ ಬರೆದ ಜೆಡ್ಡಾ, ದೋಹಾ, ಕಠ್ಮಂಡುವನ್ನು ಕಣ್ಣು ಮಿಟುಕಿಸದೆ ಓದಿದೆ. ಒಳಗೊಳಗೇ ನನ್ನ ಬಗ್ಗೆ ಒಂದು ಸಮಾಧಾನವೂ ಆಯಿತು. ಅವರ ಚಪ್ಪಲಿಯ ಸದ್ದು ಹಿಂಬಾಗಿಲತನಕ ಹೋಯಿತು, ತಿರುಗಿ ಬಂತು, ಪಾಳಿಯಲ್ಲಿ ನಿಂತಿತು.

“ತಮ್ಮಾ, ಎಲ್ಲೆ ನೋಡಾಕತ್ತೀ?”

“ಬೋರ್ಡಿನ ಕಡೆ ಚಾಚಾ.”

“ಅವತ್ತ ನೋಡಿದಾಂವ ಇವತ್ತ ಯಾಕ ನೋಡವಲ್ಲಿ?”

ನಾನು ತಿರುಗಲಿಲ್ಲ. ತಿರುಗಲು ಆಗಲಿಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ರಸ್ತೆಯ ಕಡೆ ನೋಡುತ್ತ ಅನ್ನುತ್ತಿದ್ದರು. ಅವರು ನನ್ನನ್ನೇ ನೋಡುತ್ತಿದ್ದಾರೆ ಎಂಬುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

“ಇದನ್ನ ನೋಡಬೇಕಪಾ. ನೋಡ್ಲಿ ಅಂತನ ಮಾಡಾಕತ್ತೇನಿ. ಎಲ್ಲಾರೂ ಇತ್ತಾಗ ತಿರಗ್ರಿ. ಅಜ್ಜಿಯವರ, ನೀವೂ ತಿರಗ್ರಿ. ಇನ್ನೊಮ್ಮೆ ಮಾಡ್ತೇನಿ.”

ಒಬ್ಬೊಬ್ಬರೇ ತಿರುಗಿದರು. ಕಡೆಗೆ ನಾನು. ಚಾಚಾ ಪಾಳಿಯ ನಡುವೆ ಕಾಲು ಅಗಲಿಸಿ ನಿಂತಿದ್ದರು. ಮುಖ ಕೆಂಪಾಗಿತ್ತು. ಬಸ್ಸಿನಲ್ಲಿ ಗಂಟೆಯ ಹಗ್ಗ ಎಳೆಯಲು ಎತ್ತುತ್ತಿದ್ದ ಆ ಕೈಯನ್ನು ಮೇಲೆತ್ತಿದರು. ಇಳಿಸಲಿಲ್ಲ. ಎಲ್ಲರ ಕಣ್ಣೂ ತಮ್ಮ ಮೇಲಿದೆ ಎಂದು ಖಾತ್ರಿಯಾಗುವತನಕ ಕಾದು, ಇಡೀ ಗೋದಾಮಿಗೆ ಕೇಳುವ ಹಾಗೆ ಹೇಳಿದರು:

“ನನ್ನ ಪಾಳಿ ಹಿಡೀರಿ. ಹೋಗಿ ಬರ್ತೇನಿ.”

“ಹಿಡಿದೇವ್ರಿ,” ಎಂದಳು ಹಿಂದೆ ನಿಂತಿದ್ದ ಅಜ್ಜಿ. “ಸಾವಕಾಶ ಹೋಗಿ ಬರ್ರಿ.”